ಚಿಪ್ಪು ಮೊದಲು, ತಿರುಳು ಆಮೇಲೆ: ಪಿಸ್ತಾ ಮರ ಮತ್ತು ಅದರ ಅಂಟಿನ ಬಳಗ

ಭತ್ತದ ಜೊಳ್ಳನ್ನು ಮೊರಕ್ಕೆ ಹಾಕಿ ಕೇರಿದರೆ ಹಾರಿಹೋಗುತ್ತದೆ. ಪಿಸ್ತಾದ ಜೊಳ್ಳು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗೊಂಚಲಲ್ಲಿ ತುಂಬಿದ ಕಾಯಿಯ ಪಕ್ಕದಲ್ಲೇ ಅದೇ ಗಾತ್ರಕ್ಕೆ ಬೆಳೆದು ಕೊನೆಯವರೆಗೂ ನೇತಾಡುತ್ತಿರುತ್ತದೆ. ಒಡೆದು ನೋಡಿದರೆ ಒಳಗೆ ಏನೂ ಇಲ್ಲ. ಕಾರಣ, ಈ ಮರ ಮೊದಲು ಮನೆ ಕಟ್ಟಿಬಿಡುತ್ತದೆ, ಒಕ್ಕಲು ಬರುತ್ತಾರೋ ಇಲ್ಲವೋ ಆಮೇಲೆ ನೋಡುತ್ತದೆ. ಪಿಸ್ತಾ ಬೇಸಾಯದ ಹೆಚ್ಚಿನ ತಾಪತ್ರಯಗಳು ಈ ಒಂದು ಗುಣದಿಂದಲೇ ಹುಟ್ಟುತ್ತವೆ.

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕ್ಯಾಲೆಂಡರ್ ಹಿಡಿದು ನೋಡೋಣ. ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದೊಳಗೆ ಹೂ. ಮೇ ಮಧ್ಯದ ಹೊತ್ತಿಗೆ ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಗಾತ್ರಕ್ಕೆ ಬಂದಿರುತ್ತದೆ, ಒಳಗಿನ ಬೀಜ ಮಾತ್ರ ಇನ್ನೂ ಚುಕ್ಕಿಯಷ್ಟೇ. ಅಲ್ಲಿಂದ ಜೂನ್ ಕೊನೆಯವರೆಗೆ ಚಿಪ್ಪು ಗಟ್ಟಿಯಾಗುವ ಕೆಲಸ. ಜೂನ್ ಕೊನೆಗೆ ತಿರುಳು ಬೆಳೆಯಲು ಶುರುವಾಗಿ ಆಗಸ್ಟ್ ಮಧ್ಯದ ಹೊತ್ತಿಗೆ ಚಿಪ್ಪನ್ನು ತುಂಬುತ್ತದೆ. ತುಂಬಿದ ತಿರುಳು ಒಳಗಿನಿಂದ ಒತ್ತಿದಾಗ ಚಿಪ್ಪು ಹೊಲಿಗೆಯ ಗುಂಟ ಬಿಡುತ್ತದೆ. ಇರಾನಿನಲ್ಲಿ ಇದಕ್ಕೆ ‘ಖಂದಾನ್’, ಅಂದರೆ ನಗುವ ಪಿಸ್ತಾ ಎನ್ನುತ್ತಾರೆ. ಬಾಯಿ ಬಿಡದ್ದು ‘ನಾಖಂದಾನ್’. ಮಾರುಕಟ್ಟೆಯಲ್ಲಿ ಬೆಲೆ ಇರುವುದು ನಗುವವಕ್ಕೆ.

ಗರ್ಭ ಕಟ್ಟದೆ ಹೋದರೂ ಚಿಪ್ಪು ಬೆಳೆಯಬಲ್ಲದು. ಗರ್ಭ ಕಟ್ಟಿ ಜೂನ್‌ನಲ್ಲಿ ಭ್ರೂಣ ಸತ್ತರೂ ಚಿಪ್ಪು ಹಾಗೇ ಉಳಿಯುತ್ತದೆ. ಆದ್ದರಿಂದ ಜೊಳ್ಳು ಹೆಚ್ಚಾಯಿತು ಎಂದಾಗ ಮೊದಲು ಕೇಳಬೇಕಾದ್ದು, ಹೂವಿನ ಕಾಲದಲ್ಲಿ ತಪ್ಪಿತೋ, ತುಂಬುವ ಕಾಲದಲ್ಲಿ ತಪ್ಪಿತೋ ಎಂಬುದನ್ನು. ಎರಡಕ್ಕೂ ಮದ್ದು ಬೇರೆ.

ಹೂವಿನ ಕಾಲದ ತಪ್ಪನ್ನು ಮೊದಲು ನೋಡೋಣ. ತಾಟಿನಿಂಗು ಬಿಡುವ ತಾಳೆಯ ಹಾಗೆ ಪಿಸ್ತಾದಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂವಿಗೆ ದಳವೂ ಇಲ್ಲ, ಮಕರಂದವೂ ಇಲ್ಲ. ಪರಾಗ ಒಯ್ಯುವುದು ಗಾಳಿ. ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟರೆ ಜೇನುಗಳು ಗಂಡು ಹೂವಿಗೆ ಹೋಗಿ ಪರಾಗ ಹೊತ್ತು ಗೂಡಿಗೆ ಮರಳುತ್ತವೆ, ಹೆಣ್ಣು ಹೂವಿನಲ್ಲಿ ಅವಕ್ಕೆ ಕೆಲಸವೇ ಇಲ್ಲ. ಹಳೆಯ ತೋಟಗಳಲ್ಲಿ ಪ್ರತಿ ಮೂರನೇ ಸಾಲಿನ ಪ್ರತಿ ಮೂರನೇ ಮರ ಗಂಡು, ಅಂದರೆ 8 ಹೆಣ್ಣಿಗೆ 1. ಈಚಿನ ತೋಟಗಳಲ್ಲಿ ಪ್ರತಿ ಐದನೇ ಸಾಲಿನ ಪ್ರತಿ ಐದನೇ ಮರ ಗಂಡು, ಅಂದರೆ 24ಕ್ಕೆ 1. ಗಾಳಿ ಬೀಸಿ ಬರುವ ಅಂಚಿನಲ್ಲಿ ಒಂದಷ್ಟು ಗಂಡು ಮರ ಹೆಚ್ಚಿಗೆ ಹಾಕುವುದು ಜಾಣತನ.

ಗಂಡು ಮರ ಇದ್ದರಷ್ಟೇ ಸಾಲದು, ಅದು ಹೆಣ್ಣಿನ ಜೊತೆಗೇ ಅರಳಬೇಕು. ಕ್ಯಾಲಿಫೋರ್ನಿಯಾದ ಹಳೆಯ ಜೋಡಿ ‘ಕೆರ್ಮಾನ್’ ಹೆಣ್ಣು ಮತ್ತು ‘ಪೀಟರ್ಸ್’ ಗಂಡು. 1929ರಲ್ಲಿ ಇರಾನಿಗೆ ಹೋದ ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ವೈಟ್‌ಹೌಸ್ ತಂದ ಬೀಜಗಳಲ್ಲಿ ರಫ್ಸಂಜಾನ್ ಕಡೆಯ ಒಂದು ಬೀಜದಿಂದ ಹುಟ್ಟಿದ ಮರವೇ ಕೆರ್ಮಾನ್. 1957ರಲ್ಲಿ ಬೆಳೆಗಾರರಿಗೆ ಸಿಕ್ಕಿತು. 1976ರಲ್ಲಿ ಅಲ್ಲಿ ಮೊದಲ ವಾಣಿಜ್ಯ ಬೆಳೆ ಬಂತು. ಈ ಮರಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಆಸುಪಾಸಿಗಿಂತ ಕೆಳಗಿನ ಚಳಿ ಸುಮಾರು 800–900 ಗಂಟೆ ಬೇಕು. ಪೀಟರ್ಸ್‌ಗೆ ಕೆರ್ಮಾನ್‌ಗಿಂತ ತುಸು ಹೆಚ್ಚೇ ಬೇಕು. ಚಳಿ ಕಡಿಮೆಯಾದ ವರ್ಷ ಹೆಣ್ಣು ಅರಳಿ ಕಾಯುತ್ತಿರುತ್ತದೆ, ಗಂಡಿಗೆ ಇನ್ನೂ ನಿದ್ದೆ. 2015ರಲ್ಲಿ ಹೀಗೇ ಆಯಿತು: ಬೆಚ್ಚಗಿನ ಚಳಿಗಾಲ, ಹೊಂದದ ಹೂ, ರಾಶಿ ರಾಶಿ ಜೊಳ್ಳು, ಬೆಳೆ ಹಿಂದಿನ ವರ್ಷದ ಅರ್ಧದ ಆಸುಪಾಸಿಗೆ ಇಳಿಯಿತು. 2005ರಲ್ಲಿ ಬಂದ ‘ಗೋಲ್ಡನ್ ಹಿಲ್ಸ್’, ‘ಲಾಸ್ಟ್ ಹಿಲ್ಸ್’ ಹೆಣ್ಣುಗಳೂ ಅವಕ್ಕೆ ಜೋಡಿಯಾದ ‘ರ‍್ಯಾಂಡಿ’ ಗಂಡೂ ತುಸು ಬೇಗ ಅರಳುವಂಥವು, ಹೊಸ ತೋಟಗಳು ಅತ್ತ ವಾಲಲು ಇದೂ ಒಂದು ಕಾರಣ.

ಆನ್‌ಲೈನಿನಲ್ಲಿ ಪಿಸ್ತಾ ಸಸಿ ಕಂಡು ಬೆಂಗಳೂರಿನ ಹಿತ್ತಿಲಿಗೆ ತರಿಸುವವರು ಈ 800 ಗಂಟೆಯ ಲೆಕ್ಕವನ್ನು ಒಮ್ಮೆ ನೋಡಬೇಕು. ಡಿಸೆಂಬರ್–ಜನವರಿಯಲ್ಲೂ ನಮ್ಮ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿಯ ಹತ್ತಿರ ನಿಲ್ಲುತ್ತವೆ. ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಿಗೂ ಆ ಲೆಕ್ಕ ಮುಟ್ಟುವುದಿಲ್ಲ. ಅದರ ಮೇಲೆ, ತಿರುಳು ತುಂಬಿ ಕೊಯ್ಲಿಗೆ ಬರುವ ಜುಲೈ–ಸೆಪ್ಟೆಂಬರ್‌ನಲ್ಲೇ ನಮ್ಮಲ್ಲಿ ಮಳೆ. ಒಣ ಬೇಸಿಗೆಗೆ ಒಗ್ಗಿದ ಮರಕ್ಕೆ ಇದು ಎಲೆ ಮತ್ತು ಗೊಂಚಲಿನ ಶಿಲೀಂಧ್ರ ರೋಗಕ್ಕೆ ಆಹ್ವಾನ. ಗಿಡ ಬದುಕಬಹುದು, ಎಲೆಯೂ ಬಿಡಬಹುದು, ಕಾಯಿಯ ಆಸೆ ಬೇಡ. ಬೀಜದಿಂದ ಎದ್ದ ಸಸಿಯಾದರಂತೂ ಗಂಡೋ ಹೆಣ್ಣೋ ತಿಳಿಯಲು ಹೂ ಬಿಡುವವರೆಗೆ, ಅಂದರೆ ಐದಾರು ವರ್ಷವಾದರೂ ಕಾಯಬೇಕು. ಅಂಗಡಿಯ ಹುರಿದ ಪಿಸ್ತಾ ಮೊಳೆಯುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಹೂ ಕಾಲದ ಇನ್ನೊಂದು ಕೊರತೆ ಬೋರಾನ್. ಪರಾಗ ಮೊಳೆಯುವುದಕ್ಕೂ ಗರ್ಭ ಕಟ್ಟುವುದಕ್ಕೂ ಅದು ಬೇಕು, ಮತ್ತು ಪಿಸ್ತಾಕ್ಕೆ ಬೇಕಾಗುವ ಪ್ರಮಾಣ ಬೇರೆ ಹಣ್ಣಿನ ಮರಗಳನ್ನು ಸುಟ್ಟುಹಾಕುವಷ್ಟು. ಆಗಸ್ಟ್‌ನಲ್ಲಿ ಎಲೆ ಪರೀಕ್ಷೆ ಮಾಡಿಸಿದಾಗ 90 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ) ಕೆಳಗಿದ್ದರೆ ಕೊರತೆ, 150ರಿಂದ 250 ಇದ್ದರೆ ಸರಿ. ಕಡಿಮೆ ಇದ್ದವರು ಮೊಗ್ಗು ಉಬ್ಬುವ ಹೊತ್ತಿಗೆ ಎಕರೆಗೆ ಸುಮಾರು 1ರಿಂದ 2 ಕಿಲೊ ನೀರಲ್ಲಿ ಕರಗುವ ಬೋರೇಟ್ ಸಿಂಪಡಿಸುತ್ತಾರೆ. ಎಲೆ ಬಿಟ್ಟ ಮೇಲೆ ಸಿಂಪಡಿಸಿದರೆ ಆ ವರ್ಷದ ಹೂವಿಗೆ ತಡವಾಗಿರುತ್ತದೆ.

ಇನ್ನು ತುಂಬುವ ಕಾಲ. ಇಲ್ಲಿ ಮುಖ್ಯ ನೀರು. ಪಿಸ್ತಾ ಬರಗಾಲದ ಮರ, ನೀರು ಬೇಡ ಎಂಬ ಮಾತು ಅರ್ಧ ಸತ್ಯ. ಮರ ಸಾಯುವುದಿಲ್ಲ, ಉಪ್ಪು ನೀರನ್ನೂ ಬೇರೆ ಹಣ್ಣಿನ ಮರಗಳಿಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಬೆಳೆಗೆ ನೀರು ಬೇಕೇ ಬೇಕು. ನೀರು ಉಳಿಸಬೇಕಾದರೆ ಚಿಪ್ಪು ಗಟ್ಟಿಯಾಗುವ ಮೇ ಮಧ್ಯದಿಂದ ಜೂನ್ ಕೊನೆಯ ಅವಧಿಯಲ್ಲಿ ಉಳಿಸಬೇಕು. ಆಗ ಮರದ ಅಗತ್ಯದ ಅರ್ಧದಷ್ಟು ಕೊಟ್ಟರೂ ಇಳುವರಿ ಹೆಚ್ಚು ಕೆಡುವುದಿಲ್ಲ, ಏಕೆಂದರೆ ಗಾತ್ರ ಆಗಲೇ ಬಂದಾಗಿದೆ, ತಿರುಳು ಇನ್ನೂ ಶುರುವಾಗಿಲ್ಲ. ಜುಲೈ ಬಂದ ಮೇಲೆ ಕೈ ಬಿಗಿ ಹಿಡಿದರೆ ತಿರುಳು ಸಣ್ಣದಾಗುತ್ತದೆ, ಒತ್ತಡ ಸಾಲದೆ ಚಿಪ್ಪು ಬಾಯಿ ಬಿಡುವುದಿಲ್ಲ, ಜೊಳ್ಳೂ ಏರುತ್ತದೆ. ಇರಾನಿನ ತೋಟಗಳಲ್ಲಿ ಇದೇ ಕೇಡನ್ನು ಮಾಡುವ ಇನ್ನೊಂದು ಜೀವ ಪಿಸ್ತಾ ಸಿಲ್ಲಿಡ್. ಎಲೆಯ ರಸ ಹೀರುವ ಸಣ್ಣ ಕೀಟ. ಅದು ಬಿಡುವ ಸಿಹಿ ಅಂಟು ಎಲೆಯ ಮೇಲೆ ಬಿಳಿ ಹರಳಾಗಿ ಒಣಗುವುದರಿಂದ ಅಲ್ಲಿನ ರೈತರು ಅದನ್ನು ‘ಒಣ ಪಾಕ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದು ಹೆಚ್ಚಾದರೆ ಎಲೆ ಉದುರಿ, ಕಾಯಿ ತುಂಬದೆ, ಮುಂದಿನ ವರ್ಷದ ಮೊಗ್ಗೂ ಬೀಳುತ್ತದೆ.

ಕಾಯಿ ಬಲಿಯಿತೋ ಇಲ್ಲವೋ ನೋಡುವ ಪರೀಕ್ಷೆಗೆ ಯಂತ್ರ ಬೇಡ. ಹೊರಸಿಪ್ಪೆ ಹಸಿರು ಬಿಟ್ಟು ತಿಳಿಗುಲಾಬಿ–ಹಳದಿಗೆ ತಿರುಗಿರಬೇಕು, ಬೆರಳಲ್ಲಿ ಒತ್ತಿದರೆ ಒಳಗಿನ ಚಿಪ್ಪಿನಿಂದ ಜಾರಿ ಕಳಚಬೇಕು. ಚಿಪ್ಪು ಒಳಗೆ ಬಾಯಿ ಬಿಟ್ಟಿದ್ದರೂ ಹೊರಸಿಪ್ಪೆ ಅಖಂಡವಾಗಿ ಅದನ್ನು ಮುಚ್ಚಿಕೊಂಡಿರುವುದೇ ಆರೋಗ್ಯದ ಲಕ್ಷಣ. ಕೆಲವು ಕಾಯಿಗಳಲ್ಲಿ ಚಿಪ್ಪಿನ ಜೊತೆಗೇ ಸಿಪ್ಪೆಯೂ ಸೀಳುತ್ತದೆ. ಇವನ್ನು ಅವಧಿಗೆ ಮುಂಚೆ ಒಡೆದವು ಎನ್ನುತ್ತಾರೆ. ಸಂಖ್ಯೆಯಲ್ಲಿ ಕಡಿಮೆ, ಕೇಡಿನಲ್ಲಿ ದೊಡ್ಡವು. ತಿರುಳು ಗಾಳಿಗೆ ತೆರೆದುಕೊಂಡ ಕೂಡಲೇ ನೇವಲ್ ಆರೆಂಜ್ ವರ್ಮ್ ಎಂಬ ಹುಳುವಿನ ಪತಂಗ ಮೊಟ್ಟೆ ಇಡುತ್ತದೆ, ಆಸ್ಪರ್ಜಿಲಸ್ ಬೂಸ್ಟು ಕೂರುತ್ತದೆ, ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಕಡಲೆಕಾಯಿ ಬೆಳೆಯುವ ನಮ್ಮವರಿಗೆ ಈ ವಿಷದ ಪರಿಚಯ ಇದೆ. 1997ರ ಸೆಪ್ಟೆಂಬರ್‌ನಲ್ಲಿ ಯುರೋಪ್ ಒಕ್ಕೂಟ ಇರಾನಿನ ಪಿಸ್ತಾ ಆಮದನ್ನೇ ಕೆಲಕಾಲ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಹಿಂದಿನ ವರ್ಷದ ಒಣಗಿದ ಕಾಯಿಗಳನ್ನು ಮರದ ಮೇಲೂ ನೆಲದ ಮೇಲೂ ಉಳಿಯಗೊಡದೆ ಚಳಿಗಾಲದಲ್ಲೇ ಉದುರಿಸಿ ಪುಡಿ ಮಾಡುವುದು ಹುಳುವಿನ ವಿರುದ್ಧ ಅತಿ ಅಗ್ಗದ ಉಪಾಯ. ಎಲ್ಲರಿಗೂ ಗೊತ್ತು, ಸೋಮಾರಿತನದಲ್ಲಿ ತಪ್ಪಿಹೋಗುವುದೂ ಇದೇ.

ಬಾದಾಮಿಯನ್ನು ನೆಲಕ್ಕೆ ಉದುರಿಸಿ ಒಣಗಿಸಿ ಗುಡಿಸಿ ತೆಗೆಯುತ್ತಾರೆ. ಪಿಸ್ತಾಕ್ಕೆ ಅದು ಆಗದು. ಬಾಯಿ ಬಿಟ್ಟ ಕಾಯಿ ಮಣ್ಣಿಗೆ ಬೀಳಬಾರದು. ಅದಕ್ಕೇ ಕಾಂಡ ಹಿಡಿದು ಅಲುಗಿಸುವ ಯಂತ್ರದ ಜೊತೆ ಕೆಳಗೆ ಇಳಿಜಾರು ತಟ್ಟೆಯ ಇನ್ನೊಂದು ಯಂತ್ರ ನಿಲ್ಲುತ್ತದೆ. ಕೆಲವು ಸೆಕೆಂಡಿನಲ್ಲಿ ಮರ ಬರಿದು. ಆಮೇಲಿನ ಗಡಿಯಾರ ಬಹಳ ಬಿಗಿ: 24 ಗಂಟೆಯೊಳಗೆ ಹೊರಸಿಪ್ಪೆ ಸುಲಿಯಬೇಕು. ಬಿಸಿಲಲ್ಲಿ ರಾಶಿ ಬಿದ್ದರೆ ಸಿಪ್ಪೆಯ ಟ್ಯಾನಿನ್ ಚಿಪ್ಪಿಗೆ ಇಳಿದು ಕಂದು ಕಲೆ ಕೂರುತ್ತದೆ, ಹೋಗುವುದಿಲ್ಲ. ಹಿಂದೆ ಅಮೆರಿಕದಲ್ಲಿ ಮಾರುತ್ತಿದ್ದ ಕೆಂಪು ಪಿಸ್ತಾ ಬೇರೆ ಜಾತಿಯದಲ್ಲ. ಕೈಯಲ್ಲಿ ಕಿತ್ತು ನಿಧಾನವಾಗಿ ಸುಲಿದ ಆಮದು ಕಾಯಿಯ ಕಲೆ ಮುಚ್ಚಲು ಹಚ್ಚಿದ ಬಣ್ಣ ಅದು. ಬಣ್ಣಕ್ಕೆ ಒಗ್ಗಿದ ಗಿರಾಕಿಗಳು ಆಮೇಲೆ ಅದನ್ನೇ ಕೇಳತೊಡಗಿದರು!

ಸುಲಿದ ಕಾಯಿಯನ್ನು ನೀರಿನ ತೊಟ್ಟಿಗೆ ಬಿಡುತ್ತಾರೆ. ನಮ್ಮ ಮೊರ ಮಾಡುವ ಕೆಲಸವನ್ನು ಇಲ್ಲಿ ತೊಟ್ಟಿ ಮಾಡುತ್ತದೆ: ಜೊಳ್ಳು ತೇಲುತ್ತದೆ, ತುಂಬಿದ್ದು ಮುಳುಗುತ್ತದೆ. ನಂತರ ಎರಡು ಹಂತದ ಒಣಗಿಸುವಿಕೆ. ಮೊದಲು ಬಿಸಿಗಾಳಿಯ ಗೂಡಿನಲ್ಲಿ ತೇವ 10–12 ಪ್ರತಿಶತಕ್ಕೆ, ಆಮೇಲೆ ಕಣಜದಲ್ಲಿ ಕಡಿಮೆ ಶಾಖದಲ್ಲಿ 4–6 ಪ್ರತಿಶತಕ್ಕೆ. ಅವಸರ ಮಾಡಿ ಶಾಖ ಏರಿಸಿದರೆ ಚಿಪ್ಪು ಅಗಲವಾಗಿ ಬಾಯ್ಬಿಟ್ಟು ತಿರುಳು ಉದುರುತ್ತದೆ. ಕಡೆಗೆ ಒಳಗೆಲ್ಲ ಸೂಜಿ ನೆಟ್ಟ, ತಿರುಗುವ ಪೀಪಾಯಿ ಇರುತ್ತದೆ. ಬಾಯಿ ಬಿಟ್ಟವು ಸೂಜಿಗೆ ಸಿಕ್ಕಿ ಮೇಲೆ ಹೋಗುತ್ತವೆ, ಮುಚ್ಚಿದವು ಕೆಳಗೆ ಉಳಿಯುತ್ತವೆ.

ಮುಚ್ಚಿದ ಕಾಯನ್ನು ನೀರಲ್ಲಿ ನೆನೆಸಿ ಯಂತ್ರದಲ್ಲಿ ಬಾಯಿ ಬಿಡಿಸಿ ಮಾರುವುದೂ ಉಂಟು. ತಿನ್ನಲು ಕೇಡಿಲ್ಲ, ಆದರೆ ನಗುವ ಪಿಸ್ತಾದ ಬೆಲೆ ಕೊಡಬೇಡಿ. ಸಹಜವಾಗಿ ಒಡೆದ ಚಿಪ್ಪಿನ ಅಂಚು ಹೊಲಿಗೆ ಬಿಚ್ಚಿದ ಹಾಗೆ ನಯವಾಗಿರುತ್ತದೆ, ಬಿಡಿಸಿದ್ದರ ಅಂಚು ಹರಿದು ಚೂರಾಗಿರುತ್ತದೆ. ಹೊಲಿಗೆಯ ಗುಂಟ ಕಪ್ಪು ಕಲೆ ಇರುವ ಕಾಯಿ ಬಹುಪಾಲು ಅವಧಿಗೆ ಮುಂಚೆ ಒಡೆದದ್ದು. ಅದನ್ನು ಬಾಯಿಗೆ ಹಾಕದೆ ಬಿಸಾಡುವುದೇ ಸರಿ. ಸಿಹಿತಿಂಡಿಯ ಮೇಲೆ ಉದುರಿಸುವ ‘ಪಿಸ್ತಾ ಚೂರು’ಗಳಲ್ಲಿ ಹಸಿರು ಬಣ್ಣ ಹಾಕಿದ ಕಡಲೆಕಾಯಿ ಬೀಜ ಸೇರಿರುವುದು ಹಳೆಯ ವಂಚನೆ. ಬೆಚ್ಚಗಿನ ನೀರಿಗೆ ಹಾಕಿ ನೋಡಿ, ಬಣ್ಣ ಇಳಿಯುತ್ತದೆ. ನಿಜವಾದ ಪಿಸ್ತಾದ ಚೂರಿಗೆ ಸಾಮಾನ್ಯವಾಗಿ ಒಂದು ಬದಿಯಲ್ಲಾದರೂ ನೇರಳೆ ಪೊರೆ ಅಂಟಿರುತ್ತದೆ, ಕೊಯ್ದ ಮೈಯಲ್ಲಿ ಹಸಿರು ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಗೋಡಂಬಿ ಅಲರ್ಜಿ ಇರುವವರು ಪಿಸ್ತಾದಿಂದಲೂ ದೂರ ಇರಬೇಕು. ಗೇರು, ಮಾವು, ಪಿಸ್ತಾ ಮೂರೂ ಒಂದೇ ಕುಟುಂಬ, ಅದರಲ್ಲೂ ಗೋಡಂಬಿ–ಪಿಸ್ತಾಗಳ ಪ್ರೋಟೀನ್ ತೀರ ಹತ್ತಿರದ್ದು.

ಮಾವಿನ ಹಾಗೆ ಇದಕ್ಕೂ ಒಂದು ವರ್ಷ ಭರ್ತಿ, ಮರುವರ್ಷ ಖಾಲಿ. ಆದರೆ ಪಿಸ್ತಾ ಇದನ್ನು ಮಾಡುವ ರೀತಿ ವಿಚಿತ್ರ. ಮುಂದಿನ ವರ್ಷದ ಹೂಮೊಗ್ಗುಗಳು ಈ ವರ್ಷದ ಚಿಗುರಿನ ಮೇಲೆ ಸರಿಯಾಗಿಯೇ ಕೂರುತ್ತವೆ. ಭರ್ತಿ ಬೆಳೆಯ ವರ್ಷ, ತಿರುಳು ತುಂಬುವ ಜುಲೈ–ಆಗಸ್ಟ್‌ನಲ್ಲಿ ಮರ ಆ ಮೊಗ್ಗುಗಳನ್ನು ತಾನೇ ಉದುರಿಸಿಬಿಡುತ್ತದೆ. ಗೊಬ್ಬರ ಹಾಕಿ ಇದನ್ನು ಪೂರ್ತಿ ನಿಲ್ಲಿಸಿದವರಿಲ್ಲ. ಚಳಿಗಾಲದ ಸವರುವಿಕೆಯಿಂದ ಏರಿಳಿತವನ್ನು ಸ್ವಲ್ಪ ತಗ್ಗಿಸಬಹುದು. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಬುಡದ ಬ್ರೊಂಟೆ ಊರಿನವರು ಜಗಳವನ್ನೇ ಬಿಟ್ಟುಕೊಟ್ಟಿದ್ದಾರೆ. ಲಾವಾ ಬಂಡೆಗಳ ನಡುವೆ, ಪಿಸ್ತಾದ ಕಾಡು ದಾಯಾದಿಯಾದ ಟೆರೆಬಿಂತ್ ಮರದ ಬೇರಿನ ಮೇಲೆ ಕಸಿ ಮಾಡಿದ ಆ ಮರಗಳಿಂದ ಅವರು ಕೊಯ್ಯುವುದು ಬೆಸ ವರ್ಷಗಳಲ್ಲಿ ಮಾತ್ರ. ಸರಿ ವರ್ಷಗಳಲ್ಲಿ ಬರುವ ಮೊಗ್ಗನ್ನು ಕೈಯಾರೆ ಕಿತ್ತು ಮರಕ್ಕೆ ವಿಶ್ರಾಂತಿ ಕೊಡುತ್ತಾರೆ. ಖಾಲಿ ವರ್ಷದ ಚೂರುಪಾರು ಬೆಳೆಯೂ ಇಲ್ಲದಿದ್ದರೆ ಕೀಟಕ್ಕೂ ಆಹಾರವಿಲ್ಲ ಎಂಬುದು ಇದರ ಇನ್ನೊಂದು ಲಾಭ. ನನ್ನ ಮಟ್ಟಿಗೆ ಇದು ಸೋಲಲ್ಲ, ಸರಿಯಾದ ಲೆಕ್ಕ.

ಕಸಿಯ ಮಾತು ಬಂತು. ತಿನ್ನುವ ಪಿಸ್ತಾವನ್ನು ಅದರ ಕಾಡು ದಾಯಾದಿಗಳ ಬೇರಿನ ಮೇಲೆ ಕಣ್ಣು ಕಸಿ ಮಾಡಿ ಬೆಳೆಸುತ್ತಾರೆ. ಈ ಕುಲದ ಎಲ್ಲ ಮರಗಳ ತೊಗಟೆಯಲ್ಲೂ ರಾಳದ ನಾಳಗಳಿವೆ, ಕೊಯ್ದ ಕೂಡಲೇ ಅಂಟು ಒಸರುತ್ತದೆ. ಕಣ್ಣಿಗೂ ಕಾಂಡಕ್ಕೂ ನಡುವೆ ಅದು ತುಂಬಿಕೊಂಡರೆ ಕಸಿ ಕೂಡುವುದಿಲ್ಲ. ಚಾಕುವನ್ನು ಆಗಾಗ ಸ್ಪಿರಿಟ್‌ನಲ್ಲಿ ಒರೆಸಬೇಕು, ಕಣ್ಣು ದೊಡ್ಡದಾದ್ದರಿಂದ ತೊಗಟೆಯನ್ನೂ ದೊಡ್ಡದಾಗಿಯೇ ಸೀಳಬೇಕು, ತೊಗಟೆ ಸಲೀಸಾಗಿ ಬಿಡುವ ಬೇಸಿಗೆಯಲ್ಲೇ ಕೆಲಸ ಮುಗಿಸಬೇಕು.

ಯಾವ ಬೇರು ಎಂಬುದು ಕ್ಯಾಲಿಫೋರ್ನಿಯಾಕ್ಕೆ ದುಬಾರಿ ಪಾಠ ಕಲಿಸಿತು. ಮೊದಮೊದಲು ಅಟ್ಲಾಂಟಿಕಾ, ಟೆರೆಬಿಂತಸ್ (ಅಂದರೆ ಟೆರೆಬಿಂತ್) ಎಂಬ ಕಾಡು ಜಾತಿಗಳ ಬೇರುಗಳನ್ನು ಬಳಸಿದರು. ಹತ್ತಿ ಬೆಳೆದ ಹಳೆಯ ನೆಲಗಳಲ್ಲಿ ಕಾದಿದ್ದ ವರ್ಟಿಸಿಲಿಯಂ ಸೊರಗು ರೋಗ ಅವನ್ನು ಸಾಲುಸಾಲಾಗಿ ಒಣಗಿಸಿತು. ತಡೆದುಕೊಂಡದ್ದು ಇಂಟೆಗೆರಿಮಾ ಎಂಬ ಇನ್ನೊಂದು ಕಾಡು ಜಾತಿ. ಅದಕ್ಕೆ ಚಳಿ ತಾಳುವ ಶಕ್ತಿ ಕಡಿಮೆ ಎಂದು ಅಟ್ಲಾಂಟಿಕಾ ಜೊತೆ ಬೆರಸಿ ‘ಯುಸಿಬಿ–1’ ಎಂಬ ಸಂಕರವನ್ನು ಮಾಡಿದರು. ಈಗ ಹೊಸ ತೋಟಗಳಲ್ಲಿ ಹೆಚ್ಚು ಕಾಣುವುದು ಅದೇ.

ಈ ಇಂಟೆಗೆರಿಮಾ ನಮಗೆ ಹೊಸಬನಲ್ಲ. ವಾಯವ್ಯ ಹಿಮಾಲಯದ ಮರ. ನಮ್ಮ ಗ್ರಂಥಿಗೆ ಅಂಗಡಿಯ ಡಬ್ಬದಲ್ಲಿರುವ ಕರ್ಕಟಶೃಂಗಿ ಬರುವುದು ಇದರಿಂದಲೇ. ಹೆಸರಿನಲ್ಲಿ ಏಡಿಯ ಕೊಂಬು ಇದೆ, ವಸ್ತು ಕಾಯಿಯೂ ಅಲ್ಲ, ಬೇರೂ ಅಲ್ಲ. ಗಿಡಹೇನು ಎಲೆಯನ್ನೂ ತೊಟ್ಟನ್ನೂ ಚುಚ್ಚಿ ವಾಸ ಮಾಡಿದಾಗ ಮರ ಅದರ ಸುತ್ತ ಬೆಳೆಸುವ ಟೊಳ್ಳು ಗಂಟು ಅದು. ಮುರಿದರೆ ಒಳಗೆ ಬೂದಿಯಂಥ ಪುಡಿ ಕಾಣುತ್ತದೆ, ಅದು ಸತ್ತ ಹೇನುಗಳ ಅವಶೇಷ. ಹಾಳಾಗಿದೆ ಎಂದು ಹಿಂತಿರುಗಿಸಬೇಡಿ, ಕೊಡವಿ ಬಳಸುತ್ತಾರೆ. ಒಗರು, ತುಸು ಕಹಿ. ಮಕ್ಕಳ ಕೆಮ್ಮು–ಜ್ವರಕ್ಕೆ ಕೊಡುವ ಬಾಲಚತುರ್ಭದ್ರ ಚೂರ್ಣದಲ್ಲಿ ಮುಸ್ತ, ಹಿಪ್ಪಲಿ, ಅತಿವಿಷಗಳ ಜೊತೆ ನಾಲ್ಕನೆಯದು ಇದೇ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಬೇರೆ ಜಾತಿಯ ಮರದ ಗಂಟುಗಳೂ ಇದೇ ಹೆಸರಲ್ಲಿ ಬರುವುದರಿಂದ ಪುಡಿಗಿಂತ ಇಡಿಯಾಗಿ ಕೊಳ್ಳುವುದು ಒಳ್ಳೆಯದು.

ಕಸಿಗಾರನಿಗೆ ಅಡ್ಡಿಯಾದ ಅಂಟನ್ನೇ ಬೆಳೆ ಮಾಡಿಕೊಂಡವರು ಗ್ರೀಸಿನ ಖಿಯೋಸ್ ದ್ವೀಪದವರು. ದ್ವೀಪದ ದಕ್ಷಿಣಕ್ಕೆ ‘ಮಸ್ತಿಕ’ ಎಂಬ ಈ ಅಂಟನ್ನು ಬೆಳೆಯುವ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿವೆ. ಮರ ಪಿಸ್ತಾಸಿಯಾ ಲೆಂಟಿಸ್ಕಸ್, ಆಳೆತ್ತರದ ಸೊಟ್ಟ ಪೊದೆ. ಇಲ್ಲಿ ಕಾಯಿ ಬೇಡವಾದ್ದರಿಂದ ಲೆಕ್ಕ ತಿರುವುಮುರುವು: ಗಂಡು ಮರಕ್ಕೇ ಬೆಲೆ, ಕೊಂಬೆ ನೆಟ್ಟು ಅದನ್ನೇ ಬೆಳೆಸುತ್ತಾರೆ. ಐದಾರು ವರ್ಷಕ್ಕೆ ರಾಳ ಶುರು. ಬೇಸಿಗೆಯಲ್ಲಿ ಮರದ ಬುಡದ ನೆಲವನ್ನು ಗುಡಿಸಿ, ಸಮಮಾಡಿ, ಮೇಲೆ ಬಿಳಿ ಸುಣ್ಣಕಲ್ಲಿನ ನಯವಾದ ಪುಡಿ ಹರಡುತ್ತಾರೆ. ನಮ್ಮ ಅಂಗಳಕ್ಕೆ ಸಗಣಿ ಸಾರಿಸಿದಷ್ಟೇ ಶ್ರದ್ಧೆ, ಉದ್ದೇಶ ಮಾತ್ರ ಬಿದ್ದ ಹನಿಗೆ ಮಣ್ಣು ಅಂಟದಿರಲಿ ಎಂದು. ಜುಲೈನಿಂದ ಮೊನಚಾದ ಸಲಾಕೆಯಲ್ಲಿ ತೊಗಟೆಗೆ ಸಣ್ಣ ಗೀರು, ವಾರಕ್ಕೆ ಒಂದೆರಡು ಸಲ, ಐದಾರು ವಾರ. ಗೀರು ತೊಗಟೆಯಲ್ಲೇ ನಿಲ್ಲಬೇಕು. ಮರದ ತಿರುಳಿಗೆ ತಾಗಿದರೆ ಗಾಯ ಮಾಯದು. ಒಂದು ದಿನದಲ್ಲಿ ಹೆಚ್ಚು ಗೀರಿದರೆ ಆ ವರ್ಷ ಸಿಕ್ಕೀತು, ಮುಂದೆ ಮರ ಬತ್ತುತ್ತದೆ. ಸುರಿದ ಹನಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು, ನಡುವೆ ಮಳೆ ಬಂದರೆ ಹಾಳು. ಇಷ್ಟಕ್ಕೆ ಒಂದು ಮರದಿಂದ ವರ್ಷಕ್ಕೆ ಸಿಗುವುದು ಸಾಮಾನ್ಯವಾಗಿ ನೂರು–ಇನ್ನೂರು ಗ್ರಾಂ. ಚಳಿಗಾಲವೆಲ್ಲ ಮನೆಯ ಹೆಂಗಸರು ಸಣ್ಣ ಚಾಕು ಹಿಡಿದು ಒಂದೊಂದೇ ಹರಳಿನ ಕಸ ಕೆರೆಯುತ್ತಾರೆ. ಬೆಳೆಗಾರರ ಸಂಘ 1938ರಿಂದ ಇದೆ. 2014ರಲ್ಲಿ ಈ ಕೃಷಿವಿದ್ಯೆ ಯುನೆಸ್ಕೋ ಪಟ್ಟಿ ಸೇರಿತು. ಅದಕ್ಕೆ ಎರಡು ವರ್ಷ ಮುಂಚೆ, 2012ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚಿಗೆ ಬಹಳಷ್ಟು ಮರ ಸುಟ್ಟುಹೋಗಿದ್ದವು.

ಟೆರೆಬಿಂತ್ ಮರದ ರಾಳವೇ ‘ಟರ್ಪೆಂಟೈನ್’ ಎಂಬ ಹೆಸರಿನ ಮೂಲ, ಈಗಿನ ಟರ್ಪೆಂಟೈನ್ ಪೈನ್ ಮರದ್ದು. ಟರ್ಕಿಯ ಉಲುಬುರುನ್ ಬಳಿ ಕ್ರಿಸ್ತಪೂರ್ವ 14ನೇ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗಿನಲ್ಲಿ ಪಿಸ್ತಾಸಿಯಾ ರಾಳ ತುಂಬಿದ ನೂರಕ್ಕೂ ಹೆಚ್ಚು ಜಾಡಿಗಳು ಸಿಕ್ಕವು. ಟರ್ಕಿಯ ಗಾಜಿಯಾಂಟೆಪ್ ಕಡೆ ಟೆರೆಬಿಂತ್ ಮರದ ಸಣ್ಣ ಕಾಯನ್ನು ಹುರಿದು, ಎಣ್ಣೆ ಬಿಡುವವರೆಗೆ ಅರೆದು, ಹಾಲಿನಲ್ಲಿ ಕುದಿಸಿ ‘ಮೆನೆಂಗಿಚ್’ ಕಾಫಿ ಮಾಡುತ್ತಾರೆ. ಕಾಫಿ ಬೀಜವೂ ಇಲ್ಲ, ಕೆಫೀನೂ ಇಲ್ಲ. ಇರಾನಿನ ಕುರ್ದಿಸ್ತಾನದಲ್ಲಿ ಕಾಡು ಅಟ್ಲಾಂಟಿಕಾದಿಂದ ಇಳಿಸುವ ಅಂಟು ‘ಸಕ್ಕೆಜ್’. ಚೂಯಿಂಗ್ ಗಮ್‌ಗೆ ಪಾರಸಿಯಲ್ಲಿ ಬಳಸುವ ‘ಆದಾಮ್ಸ್’ ಅಮೆರಿಕದ ಬ್ರ್ಯಾಂಡಿನಿಂದ ಬಂದ ಪದ, ಅಗಿಯುವ ಚಟ ಮಾತ್ರ ಅದಕ್ಕಿಂತ ಬಹಳ ಹಳೆಯದು.

ಖಿಯೋಸ್‌ನ ಹರಳು ನಮ್ಮ ಯುನಾನಿ ಅಂಗಡಿಗಳಲ್ಲಿ ‘ರೂಮಿ ಮಸ್ತಗಿ’ ಎಂದು ಸಿಗುತ್ತದೆ. ದುಬಾರಿ ಮಾಲು, ಬೇರೆ ಅಂಟು ಬೆರೆಸಿ ಮಾರುವುದೂ ಇದೆ. ಒಂದು ಕಾಳನ್ನು ಬಾಯಲ್ಲಿಟ್ಟು ಕಚ್ಚಿ: ಮೊದಲು ಗಾಜಿನಂತೆ ಪುಡಿಯಾಗಿ, ಒಂದರ್ಧ ನಿಮಿಷದಲ್ಲಿ ಮತ್ತೆ ಕೂಡಿಕೊಂಡು ಬಿಳಿ ಮೇಣದ ಹಾಗೆ ಅಗಿಯಲು ಬರಬೇಕು, ದೇವದಾರು–ಸೋಂಪಿನ ನಡುವಿನ ಪರಿಮಳ ಇರಬೇಕು. ಪುಡಿಯಾಗಿಯೇ ಉಳಿದರೆ, ಇಲ್ಲವೇ ಕರಗಿ ಮಾಯವಾದರೆ ಅದು ಬೇರೆ ಏನೋ. ಪಾಯಸಕ್ಕೋ ಐಸ್‌ಕ್ರೀಮಿಗೋ ಹಾಕುವುದಾದರೆ ಅರ್ಧ ಲೀಟರ್ ಹಾಲಿಗೆ ಎರಡು ಮೂರು ಸಣ್ಣ ಕಾಳು ಸಾಕು, ಹೆಚ್ಚಾದರೆ ಕಹಿ. ಕುಟ್ಟುವ ಮುನ್ನ ಕಾಳನ್ನೂ ಕುಟ್ಟಾಣಿಯನ್ನೂ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಒಂದು ಚಮಚ ಸಕ್ಕರೆ ಸೇರಿಸಿ ಕುಟ್ಟಿ. ಮಿಕ್ಸಿಗೆ ಹಾಕಿದರೆ ಶಾಖಕ್ಕೆ ಕರಗಿ ಬ್ಲೇಡಿಗೆ ಅಂಟುತ್ತದೆ, ಬಿಸಿನೀರಿಗೂ ಬಿಡುವುದಿಲ್ಲ. ಎಣ್ಣೆ ಹಚ್ಚಿ ಉಜ್ಜಿ ತೆಗೆಯಬೇಕು.